ತಂತಿ ತಾತ ಹೇಳಿದ ನೂರ್ ಕಥೆ

ಬೆಳಗೋಡಿನ ಆ ಮನೆಯಲ್ಲಿ ಶನಿವಾರ ರಾತ್ರಿಯ ಊಟ ಯಾರಿಗೂ ರುಚಿಸಲಿಲ್ಲ. ಒಂಬತ್ತನೇ ತರಗತಿಯ ಹುಡುಗಿ ಶಾಲೆಯಿಂದ ತಂದ ಅಂಕಪಟ್ಟಿ ಗೋಡೆಯ ಗೂಡಿನಲ್ಲಿ ಸಹಿಯಿಲ್ಲದೆ ಕೂತಿತ್ತು. ಅಂಕಗಳೇನೂ ತೀರಾ ಕಳಪೆಯಾಗಿರಲಿಲ್ಲ. ಗಣಿತದಲ್ಲಿ 41, ಉಳಿದವುಗಳಲ್ಲಿ ಐವತ್ತು ಅರವತ್ತರ ಆಸುಪಾಸು. ಅಪ್ಪನನ್ನು ಕೆರಳಿಸಿದ್ದು ಅಂಕಗಳಲ್ಲ, ಅವುಗಳ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದ ಒಂದು ಸಾಲು: 'ಸಂಕೋಚದ ಸ್ವಭಾವ. ಧೈರ್ಯ ಸಾಲದು. ಯಾವುದಕ್ಕೂ ಮುಂದೆ ಬರುವುದಿಲ್ಲ.'

"ಇನ್ನೆರಡು ವರ್ಷಕ್ಕೆ ಕಾಲೇಜು. ಹಿಂಗೆ ಬಾಯಿ ಮುಚ್ಕೊಂಡು ಕೂತ್ರೆ ನಾಳೆ ಏನ್ ಗತಿ?" ಎಂದು ಅಪ್ಪ ತಟ್ಟೆಯಿಂದ ಎದ್ದುಹೋದ. ಅಮ್ಮ ಏನೂ ಹೇಳಲಿಲ್ಲ. ಹುಡುಗಿ ಎಂದಿನಂತೆ ತಮ್ಮನಿಗೆ ಅನ್ನ ಕಲಸಿಕೊಟ್ಟು, ಪಾತ್ರೆ ಎತ್ತಿಟ್ಟು, ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಳು.

ಇದನ್ನೆಲ್ಲ ಜಗಲಿಯಿಂದಲೇ ನೋಡುತ್ತಿದ್ದವರು ಅವಳ ತಾತ. ಊರಿನವರ ಬಾಯಲ್ಲಿ ಅವರು 'ತಂತಿ ತಾತ'. ಹರೆಯದಲ್ಲಿ ಅಂಚೆ ತಂತಿ ಇಲಾಖೆ ಸೇರಿ, ಮೋರ್ಸ್ ಸಂಕೇತ ಕಲಿತು, ಹಗಲು ರಾತ್ರಿ ಕಟ್ಟ-ಕಡ ಕುಟ್ಟಿದವರು. ಹೆರಿಗೆ, ಸಾವು, ನೌಕರಿ, ಮದುವೆ ಎಲ್ಲವೂ ಒಂದು ಕಾಲದಲ್ಲಿ ಅವರ ಬೆರಳಿನ ತುದಿಯಿಂದಲೇ ಹಾದುಹೋಗುತ್ತಿದ್ದವು. 2013ರ ಜುಲೈ ತಿಂಗಳಲ್ಲಿ ಸರಕಾರ ತಂತಿ ಸೇವೆಯನ್ನೇ ನಿಲ್ಲಿಸಿದಾಗ ತಾತ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲವಂತೆ. ಈಗಲೂ ಸುಮ್ಮನೆ ಕೂತಾಗ ಅವರ ತೋರುಬೆರಳು ಕುರ್ಚಿಯ ಕೈ ಮೇಲೆ ತನ್ನಷ್ಟಕ್ಕೆ ಏನನ್ನೋ ಕುಟ್ಟುತ್ತಿರುತ್ತದೆ.

ಮರುದಿನ ಬೆಳಿಗ್ಗೆ ಅಕ್ಕಿ ರೊಟ್ಟಿ ತಿಂದವರೇ, "ಬಾ ಮಗಾ, ಕೋಟೆ ನೋಡ್ಕೊಂಡು ಬರಾಣ" ಎಂದರು. ಸಕಲೇಶಪುರಕ್ಕೆ ಒಂದು ಬಸ್ಸು, ಅಲ್ಲಿಂದ ಮಂಗಳೂರು ದಾರಿಯ ಬಸ್ಸು ಹಿಡಿದು ದೋಣಿಗಾಲಿನ ಹತ್ತಿರ ಇಳಿದಾಗ ರಸ್ತೆಯ ಆಚೆ ಬದಿಯೇ ಕಾಣದಷ್ಟು ಮಂಜು. ತಾತ ಊರುಗೋಲು ಹಿಡಿದು, ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಇನ್ನೂರೈವತ್ತರಷ್ಟು ಮೆಟ್ಟಿಲುಗಳನ್ನು ಹತ್ತಿದರು. ಮೊಮ್ಮಗಳು ಅವರ ಚೀಲ ಹಿಡಿದು ಹಿಂದೆಯೇ ಬಂದಳು.

ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನ ಕಟ್ಟಿಸಿದ್ದು 1792ರಲ್ಲಿ. ಘಟ್ಟ ಹತ್ತಿ ಬರುವ ದಾರಿಯ ಮೇಲೆ ಕಣ್ಣಿಡಲು ಕಟ್ಟಿದ ಕಾವಲುಕೋಟೆ ಇದು. ನಮ್ಮ ಕಡೆಯ ಇತರ ಕೋಟೆಗಳಂತೆ ಇದು ಗುಡ್ಡದ ಆಕಾರಕ್ಕೆ ತಕ್ಕಂತೆ ಬಳಸಿ ಹೋಗುವುದಿಲ್ಲ. ಮೇಲಿನಿಂದ ನೋಡಿದರೆ ಎಂಟು ಮೂಲೆಗಳ ನಕ್ಷತ್ರ. ಫಿರಂಗಿಯ ಗುಂಡಿಗೆ ನೇರವಾಗಿ ಎದೆ ಕೊಡದ ಹಾಗೆ ಗೋಡೆಗಳನ್ನು ಓರೆಯಾಗಿ ಮಡಿಸುವ ಈ ಪದ್ಧತಿ ಫ್ರಾನ್ಸಿನದು. ಅಲ್ಲಿನ ವೋಬಾನ್ ಎಂಬ ಎಂಜಿನಿಯರ್ ಹದಿನೇಳನೇ ಶತಮಾನದಲ್ಲಿ ಅದನ್ನು ಹೆಸರುವಾಸಿ ಮಾಡಿದ್ದ. ಟಿಪ್ಪುವಿಗೂ ಫ್ರೆಂಚರಿಗೂ ಇದ್ದ ಸ್ನೇಹ ಗೊತ್ತಿರುವುದೇ. 1788ರಲ್ಲಿ ಅವನ ರಾಯಭಾರಿಗಳು ಪ್ಯಾರಿಸಿಗೇ ಹೋಗಿ ಹದಿನಾರನೇ ಲೂಯಿ ದೊರೆಯನ್ನು ಕಂಡುಬಂದಿದ್ದರು.

ಕೋಟೆಯ ನಡುವಿನ ಬಾವಿಯ ಕಟ್ಟೆಯ ಹತ್ತಿರ ತಾತ ಉಸಿರು ಸುಧಾರಿಸಿಕೊಂಡು ಕೂತರು.

"ಈ ಕೋಟೆ ಕಟ್ಟಿಸ್ದೋನ ವಂಶದಲ್ಲಿ ಒಂದು ಹುಡುಗಿ ಇದ್ಲು ಮಗಾ. ನಂಗೆ ಜಾತಿಯಲ್ಲಿ ಅವಳು ಹತ್ರ. ಅಂದ್ರೆ, ಅವಳೂ ಕಟ್ಟ-ಕಡ ಜಾತಿಯೋಳೇ. ಅವಳಿಗೂ ದೊಡ್ಡೋರು ಹಿಂಗೇ ಬರ‍್ದಿದ್ರು, ಧೈರ್ಯ ಸಾಲದು ಅಂತ."

ಹುಡುಗಿ ಮೊದಲ ಬಾರಿಗೆ ತಲೆ ಎತ್ತಿದಳು.

ತಾತ ಹೇಳಿದ ಕಥೆಯನ್ನು ನಮ್ಮ ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಅವಳ ಹೆಸರು ನೂರ್ ಇನಾಯತ್ ಖಾನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮನೆಯವರನ್ನು ಇಂಗ್ಲಿಷರು ವೆಲ್ಲೂರಿಗೂ, 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತೆಗೂ ಸಾಗಿಸಿದರು. ಇತ್ತ ಮೌಲಾ ಬಕ್ಷ್ ಎಂಬ ಸಂಗೀತಗಾರರು ಮೈಸೂರಿಗೆ ಬಂದು, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಹಾಡಿ ಮರ್ಯಾದೆ ಪಡೆದರು. ಟಿಪ್ಪುವಿನ ಮೊಮ್ಮಗಳೊಬ್ಬಳನ್ನು ಅವರು ಮದುವೆಯಾದರು ಎಂಬುದು ಆ ಮನೆತನದಲ್ಲಿ ತಲೆಯಿಂದ ತಲೆಗೆ ಬಂದ ಮಾತು. ಮೌಲಾ ಬಕ್ಷ್ ಮುಂದೆ ಬರೋಡದಲ್ಲಿ ಸಂಗೀತ ಶಾಲೆ ತೆರೆದರು. ಅವರ ಮಗಳ ಮಗನೇ ಇನಾಯತ್ ಖಾನ್. ವೀಣೆ ನುಡಿಸುತ್ತ, ಸೂಫಿ ಮಾರ್ಗವನ್ನು ಬೋಧಿಸುತ್ತ 1910ರಲ್ಲಿ ಪಶ್ಚಿಮ ದೇಶಗಳಿಗೆ ಹೊರಟವರು. ಅಮೆರಿಕದ ಓರಾ ರೇ ಬೇಕರ್ ಅವರ ಕೈಹಿಡಿದರು. ಇವರ ಹಿರಿಯ ಮಗಳು ನೂರ್ ಹುಟ್ಟಿದ್ದು 1914ರ ಜನವರಿಯಲ್ಲಿ, ಮಾಸ್ಕೋದಲ್ಲಿ. ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೇನ್ ಎಂಬ ಊರಿನಲ್ಲಿ.

ಅವಳಿಗೆ 13 ವರ್ಷವಾಗಿದ್ದಾಗ, 1927ರಲ್ಲಿ, ತಂದೆ ದೆಹಲಿಯಲ್ಲಿ ತೀರಿಕೊಂಡರು. ತಾಯಿ ದುಃಖದಲ್ಲಿ ಕೋಣೆ ಸೇರಿದರು. ಕೆಳಗೆ ಇಬ್ಬರು ತಮ್ಮಂದಿರು, ಒಬ್ಬಳು ತಂಗಿ. ಅವರಿಗೆ ತಲೆ ಬಾಚುವುದು, ಊಟಕ್ಕೆ ಕೂರಿಸುವುದು, ರಾತ್ರಿ ಕಥೆ ಹೇಳಿ ಮಲಗಿಸುವುದು ಎಲ್ಲ ಇವಳ ಪಾಲಿಗೆ ಬಂತು. ಹಾರ್ಪ್ ಎಂಬ ತಂತಿವಾದ್ಯ ಕಲಿತಳು. ಸೋರ್ಬೋನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದಳು. ಮಕ್ಕಳಿಗಾಗಿ ಪತ್ರಿಕೆಗೂ ರೇಡಿಯೋಗೂ ಕಥೆ ಬರೆದಳು. ಬುದ್ಧನ ಜಾತಕ ಕಥೆಗಳಲ್ಲಿ ಇಪ್ಪತ್ತನ್ನು ಆರಿಸಿ ಅವಳು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ವರ್ಷ ಎರಡನೇ ಮಹಾಯುದ್ಧವೂ ಶುರುವಾಯಿತು.

ಆ ಪುಸ್ತಕದಲ್ಲಿ ಮಂಗಗಳ ರಾಜನ ಕಥೆಯೊಂದಿದೆ. ಬೇಟೆಗಾರರು ಮಾವಿನ ಮರವನ್ನು ಸುತ್ತುವರಿದಾಗ ಅವನು ಹೊಳೆಯ ಆಚೆ ದಡಕ್ಕೆ ಹಾರಿ, ಅಲ್ಲಿಂದ ಮರಕ್ಕೆ ಸೇತುವೆ ಕಟ್ಟಲು ನೋಡುತ್ತಾನೆ. ಅದು ಅವನ ಮೈಯ ಅಳತೆಯಷ್ಟೇ ಗಿಡ್ಡವಾಗುತ್ತದೆ. ಆ ಅಳತೆಗೆ ತನ್ನ ಮೈಯನ್ನೇ ಚಾಚಿ, ಕೊಂಬೆ ಹಿಡಿದು ನಿಲ್ಲುತ್ತಾನೆ. ಹಿಂಡು ಅವನ ಬೆನ್ನ ಮೇಲೆ ನಡೆದು ಪಾರಾಗುತ್ತದೆ, ಅವನ ಬೆನ್ನು ಮುರಿಯುತ್ತದೆ. ಮಕ್ಕಳಿಗೆ ಇದನ್ನು ಬರೆಯುವಾಗ, ಮುಂದೆ ತನಗೂ ಇದೇ ಕೆಲಸ ಬರುತ್ತದೆಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?

1940ರ ಜೂನಿನಲ್ಲಿ ಹಿಟ್ಲರನ ಸೈನ್ಯ ಪ್ಯಾರಿಸಿಗೆ ನುಗ್ಗಿತು. ನೂರ್ ಮನೆಯವರು ಹೇಗೋ ಹಡಗು ಹಿಡಿದು ಇಂಗ್ಲೆಂಡು ಸೇರಿದರು. ಹಿಂಸೆ ಕೂಡದು ಎಂದು ಕಲಿಸಿದ ಮನೆಯಲ್ಲಿ ಬೆಳೆದ ಅಕ್ಕ ಮತ್ತು ತಮ್ಮ ವಿಲಾಯತ್ ಆಗ ಕೂತು ಯೋಚಿಸಿದರು. ಮನುಷ್ಯರನ್ನು ಹುಟ್ಟಿನ ಕಾರಣಕ್ಕೇ ಬೇಟೆಯಾಡುವವರ ಎದುರು ಸುಮ್ಮನಿರುವುದು ಅಹಿಂಸೆಯಾಗುತ್ತದೆಯೇ? ಆಗುವುದಿಲ್ಲ ಎಂದು ಇಬ್ಬರೂ ತೀರ್ಮಾನಿಸಿದರು. ತಮ್ಮ ನೌಕಾಪಡೆ ಸೇರಿದ. ಅಕ್ಕ ಅದೇ ವರ್ಷ ನವೆಂಬರಿನಲ್ಲಿ ವಾಯುಪಡೆಯ ಮಹಿಳಾ ವಿಭಾಗಕ್ಕೆ ಸೇರಿ ವೈರ್‌ಲೆಸ್ ಕಲಿಯಲು ಕೂತಳು.

"ಅಲ್ಲಿನ ಚಳಿಗೆ ಅವಳ ಬೆರಳು ಊದ್ಕೊಂಡಿದ್ವಂತೆ," ತಾತ ತಮ್ಮ ಬೆರಳು ನೋಡಿಕೊಂಡರು. "ಅದಕ್ಕೇ ಕೀ ಮೇಲೆ ಜೋರಾಗಿ ಬಡೀತಿದ್ಲು. ಜೊತೆಯೋರು ಅದನ್ನೇ ಹಿಡ್ಕೊಂಡು ಅಡ್ಡಹೆಸರು ಇಟ್ಟು ನಗಾಡ್ತಿದ್ರು. ನಮ್ಮಲ್ಲೂ ಹಂಗೇ. ಒಬ್ಬೊಬ್ಬನ ಕೈ ಒಂದೊಂದು ಥರ. ಆಚೆ ಕಡೆ ಯಾರು ಕೂತವ್ರೆ ಅಂತ ಮುಖ ನೋಡ್ದೆ ಹೇಳ್ಬೋದಿತ್ತು."

1942ರಲ್ಲಿ ಅಧಿಕಾರಿ ಹುದ್ದೆಯ ಸಂದರ್ಶನದಲ್ಲಿ ಅವಳನ್ನು ಭಾರತದ ಬಗ್ಗೆ ಕೇಳಿದರು. ಯುದ್ಧ ಮುಗಿಯುವ ತನಕ ತನ್ನ ನಿಷ್ಠೆ ಈ ಕೆಲಸಕ್ಕೆ, ಆಮೇಲೆ ಭಾರತದ ಸ್ವಾತಂತ್ರ್ಯದ ಪರವಾಗಿ ನಿಲ್ಲುತ್ತೇನೆ ಎಂಬರ್ಥದ ಉತ್ತರ ಕೊಟ್ಟಳು. ಕೇಳಿದವರು ಇಂಗ್ಲಿಷ್ ಅಧಿಕಾರಿಗಳು. ಆ ಆಗಸ್ಟಿನಲ್ಲೇ ಇಲ್ಲಿ 'ಕ್ವಿಟ್ ಇಂಡಿಯಾ' ಚಳವಳಿ ಹೊತ್ತಿಕೊಂಡಿತ್ತು. ಬೊಂಬಾಯಿಯಲ್ಲಿ 22 ವರ್ಷದ ಉಷಾ ಮೆಹ್ತಾ ಮತ್ತು ಗೆಳೆಯರು ಪೊಲೀಸರ ಕಣ್ಣು ತಪ್ಪಿಸಿ, ಮನೆಯಿಂದ ಮನೆಗೆ ಯಂತ್ರ ಹೊತ್ತು, ಗುಪ್ತ 'ಕಾಂಗ್ರೆಸ್ ರೇಡಿಯೋ' ನಡೆಸುತ್ತಿದ್ದರು. ಒಂದೇ ವರ್ಷದಲ್ಲಿ ಇಬ್ಬರು ಹುಡುಗಿಯರು, ಎರಡು ಬೇರೆ ಬೇರೆ ಆಳ್ವಿಕೆಗಳ ವಿರುದ್ಧ, ರೇಡಿಯೋವನ್ನೇ ನೆಚ್ಚಿದ್ದರು.

ಸುಳ್ಳು ಹೇಳಿದರೆ ಕೆಲಸ ಸಿಗುತ್ತದೆಂದು ಗೊತ್ತಿದ್ದರೂ ನೂರ್ ಹೇಳಲಿಲ್ಲ. ಅವಳ ಪ್ರಾಮಾಣಿಕತೆಯ ಗುಟ್ಟೇ ಅದು, ಮುಂದೆ ಅವಳ ತೊಡಕೂ ಅದೇ ಆಯಿತು.

ಶತ್ರುವಿನ ಹಿಡಿತದಲ್ಲಿದ್ದ ದೇಶಗಳೊಳಗೆ ಗುಟ್ಟಾಗಿ ಆಳುಗಳನ್ನು ಇಳಿಸಲು ಬ್ರಿಟನ್ 1940ರಲ್ಲಿ ಒಂದು ರಹಸ್ಯ ಇಲಾಖೆ ಮಾಡಿಕೊಂಡಿತ್ತು. ಎಸ್.ಓ.ಇ. ಎಂದು ಅದರ ಹೆಸರು. ಫ್ರೆಂಚ್ ಮಾತೃಭಾಷೆಯಂತೆ ಬರುವ, ವೈರ್‌ಲೆಸ್ ಬಲ್ಲ ನೂರ್ ಅವರ ಕಣ್ಣಿಗೆ ಬಿದ್ದಳು. ಆದರೆ ತರಬೇತಿಯಲ್ಲಿ ಅವಳ ಬಗ್ಗೆ ಬಂದ ವರದಿಗಳು ಒಳ್ಳೆಯವಲ್ಲ. ಓಡುವುದರಲ್ಲಿ ತಡವರಿಕೆ, ಬಂದೂಕು ಕಂಡರೆ ಹೆದರಿಕೆ. ಪೊಲೀಸರು ಹಿಡಿದು ವಿಚಾರಣೆ ಮಾಡುವ ಹಾಗೆ ಅಣಕು ನಡೆಸಿದಾಗ ಅವಳ ಸ್ವರವೇ ಹೊರಡಲಿಲ್ಲ. ಬುದ್ಧಿ ಬಹಳವೇನಿಲ್ಲ, ಮನಸ್ಸು ಸ್ಥಿರವಿಲ್ಲ, ಈ ಕೆಲಸಕ್ಕೆ ತಕ್ಕವಳೆಂಬುದು ಅನುಮಾನ ಎಂಬ ಅರ್ಥದಲ್ಲಿ ಕರ್ನಲ್ ಒಬ್ಬ ಬರೆದ. ಫ್ರಾನ್ಸ್ ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಅದರ ಪಕ್ಕದಲ್ಲೇ 'ಅಸಂಬದ್ಧ' ಎಂದು ಗೀಚಿದ.

ಸಂಕೇತ ವಿಭಾಗದ ಲಿಯೋ ಮಾರ್ಕ್ಸ್ ಎಂಬ ತರುಣ ತನ್ನ ನೆನಪಿನ ಪುಸ್ತಕದಲ್ಲಿ ಅವಳ ಬಗ್ಗೆ ಬರೆದಿದ್ದಾನೆ. ಅವಳನ್ನು ಕಾಣುವ ಮೊದಲು ಅವಳ ಜಾತಕ ಕಥೆಗಳನ್ನು ತರಿಸಿ ಓದಿದನಂತೆ. ಸಿಕ್ಕಿಬಿದ್ದ ಆಪರೇಟರುಗಳು ಶತ್ರುವಿಗೆ ಸುಳ್ಳು ಗುರುತು ಹೇಳಬೇಕು ಎಂಬುದು ಇಲಾಖೆಯ ಕ್ರಮ. ಇವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೊನೆಗೆ ಮಾರ್ಕ್ಸ್ ಒಂದು ಉಪಾಯ ಕಂಡುಹಿಡಿದ. 'ಸಂದೇಶ ಕಟ್ಟುವಾಗ 18 ಅಕ್ಷರದ ಕೀಲಿಪದ ಎಂದೂ ಬಳಸಬೇಡ. ಬಳಸಿದರೆ ನೀನು ಸಿಕ್ಕಿಬಿದ್ದಿದ್ದೀ ಎಂದು ನನಗೆ ತಿಳಿಯುತ್ತದೆ' ಎಂದ. ಆಗ ಸುಳ್ಳು ಹೇಳುವ ಅಗತ್ಯವೇ ಇಲ್ಲ.

1943ರ ಜೂನ್ 16ರ ಬೆಳದಿಂಗಳ ರಾತ್ರಿ ಒಂದು ಸಣ್ಣ ಲೈಸ್ಯಾಂಡರ್ ವಿಮಾನ ಫ್ರಾನ್ಸಿನ ಆಂಜೆ ಪಟ್ಟಣದ ಹತ್ತಿರದ ಹೊಲವೊಂದಕ್ಕೆ ಅವಳನ್ನು ಇಳಿಸಿತು. ಬ್ರಿಟನ್ನಿನಿಂದ ಫ್ರಾನ್ಸಿಗೆ ಹೋದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವಳು. ಗುಪ್ತನಾಮ 'ಮ್ಯಾಡಲೀನ್'. ಕಾಗದಪತ್ರಗಳ ಪ್ರಕಾರ ಮಕ್ಕಳನ್ನು ನೋಡಿಕೊಳ್ಳುವ ದಾದಿ.

ವೈರ್‌ಲೆಸ್ ಆಪರೇಟರ್ ಎಂದರೆ ಏನು ಕೆಲಸ? ಈ ಸೀಮೆಯ ಹಳೆಯ ಮನೆಗಳಲ್ಲಿ ರೇಡಿಯೋಗೆ ಸಿಲ್ವರ್ ಮರದಿಂದ ಮನೆಯ ಸೂರಿಗೆ ಏರಿಯಲ್ ತಂತಿ ಕಟ್ಟುತ್ತಿದ್ದುದನ್ನು ನೋಡಿದವರಿಗೆ ಅರ್ಥವಾಗುತ್ತದೆ. ಕೇಳುವುದಕ್ಕೇ ಅಷ್ಟು ತಂತಿ ಬೇಕಾದರೆ, ಲಂಡನ್ನಿಗೆ ಕಳಿಸಲು ಎಷ್ಟು ಬೇಡ! ಸೂಟ್‌ಕೇಸಿನಲ್ಲಿ ಹಿಡಿಸುವ ಯಂತ್ರದ ತೂಕ ಸುಮಾರು 15 ಕಿಲೋ. ಸುಮಾರು 20 ಮೀಟರ್ ಉದ್ದದ ಏರಿಯಲ್ಲನ್ನು ಯಾರ ಕಣ್ಣಿಗೂ ಬೀಳದಂತೆ ಕಿಟಕಿಯಿಂದ ಮರಕ್ಕೆ ಎಳೆಯಬೇಕು. ಒಬ್ಬರು ಬರೆದುಕೊಟ್ಟ ಸುದ್ದಿಯನ್ನು ಸಂಕೇತಕ್ಕೆ ತಿರುಗಿಸಿ, ಗೊತ್ತಾದ ಹೊತ್ತಿಗೆ, ಗೊತ್ತಾದ ತರಂಗದಲ್ಲಿ ಕುಟ್ಟಬೇಕು. ಇತ್ತ ಜರ್ಮನರ ವ್ಯಾನುಗಳು ಬೀದಿ ಬೀದಿ ಸುತ್ತುತ್ತ ತರಂಗ ಎಲ್ಲಿಂದ ಬರುತ್ತಿದೆ ಎಂದು ಮೂಸುತ್ತಿರುತ್ತವೆ. ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂತರೆ ಬಾಗಿಲು ತಟ್ಟುವ ಸದ್ದು ಕೇಳಿಸಬಹುದು. ಇಂಥ ಆಪರೇಟರ್ ಸಿಕ್ಕಿಬೀಳದೆ ಉಳಿಯುವುದು ಆರು ವಾರ ಎಂದು ಆಗ ಲೆಕ್ಕ ಹಾಕುತ್ತಿದ್ದರು.

ಅವಳ ಮೊದಲ ದಿನಗಳು ತಪ್ಪುಗಳಿಂದಲೇ ತುಂಬಿದ್ದವು. ಇಂಗ್ಲಿಷರ ಹಾಗೆ ಬಟ್ಟಲಿಗೆ ಮೊದಲು ಹಾಲು ಸುರಿದು ಆಮೇಲೆ ಚಹಾ ಹಾಕಿಕೊಂಡಳು. ಸಂಕೇತದ ಕಾಗದಗಳಿದ್ದ ಚೀಲವನ್ನು ಎಲ್ಲೋ ಇಟ್ಟು ಮರೆತಳು. ಜೊತೆಯವರು ಬೈದರು. ಅಷ್ಟರಲ್ಲಿ ಸಿಡಿಲು ಬಡಿಯಿತು. ಅವಳು ಬಂದು ಹತ್ತು ದಿನವೂ ಕಳೆದಿರಲಿಲ್ಲ, 'ಪ್ರಾಸ್ಪರ್' ಎಂಬ ಅವರ ದೊಡ್ಡ ಜಾಲವನ್ನು ಜರ್ಮನರು ಭೇದಿಸಿ ನಾಯಕರನ್ನೆಲ್ಲ ಹಿಡಿದರು. ಒಬ್ಬೊಬ್ಬ ಆಪರೇಟರೂ ಮಾಯವಾದ. ವಾಪಸು ಬಾ, ವಿಮಾನ ಕಳಿಸುತ್ತೇವೆ ಎಂದಿತು ಲಂಡನ್. ಇವಳು ಒಲ್ಲೆನೆಂದಳು. ತಾನು ಹೊರಟರೆ ಪ್ಯಾರಿಸ್ಸಿನಲ್ಲಿ ಉಳಿದ ಗೆಳೆಯರಿಗೆ ಲಂಡನ್ನಿನ ಕೊಂಡಿಯೇ ಕಡಿದುಹೋಗುತ್ತದೆ ಎಂಬುದು ಅವಳ ವಾದ.

ಬಂದೂಕು ಕಂಡರೆ ಹೆದರುತ್ತಿದ್ದ ಆ ಹುಡುಗಿ ಮೂರೂವರೆ ತಿಂಗಳು ಆ ಕೊಂಡಿ ಕಡಿಯದಂತೆ ಹಿಡಿದಿದ್ದಳು. ಕೂದಲಿಗೆ ಬಣ್ಣ ಹಚ್ಚಿದಳು, ದಿನಕ್ಕೊಂದು ಮನೆ ಬದಲಿಸಿದಳು, ಬಾಲ್ಯದ ಗೆಳತಿಯರ ಬಾಗಿಲು ತಟ್ಟಿದಳು. ಹಣ ಎಲ್ಲಿಗೆ ಬೇಕು, ಆಯುಧ ಎಲ್ಲಿ ಇಳಿಸಬೇಕು, ತಪ್ಪಿಸಿಕೊಂಡ ವಿಮಾನ ಸೈನಿಕರನ್ನು ಹೇಗೆ ದಾಟಿಸಬೇಕು ಎಂಬ ಸುದ್ದಿಗಳು ಅವಳ ಕೈಯಿಂದಲೇ ಹೋದವು. ಒಮ್ಮೆ ರೈಲಿನಲ್ಲಿ ಇಬ್ಬರು ಜರ್ಮನ್ ಸೈನಿಕರು ಪೆಟ್ಟಿಗೆಯಲ್ಲೇನಿದೆ ಎಂದು ಕೇಳಿದಾಗ, ಸಿನಿಮಾ ತೋರಿಸುವ ಯಂತ್ರ, ಬಲ್ಬು ಕಾಣುವುದಿಲ್ಲವೇ ಎಂದು ಮುಚ್ಚಳ ತೆರೆದು ತೋರಿಸಿದ್ದನ್ನು ಅವಳ ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ.

"ಸುಳ್ಳು ಹೇಳಕ್ ಬರಲ್ಲ ಅಂದ್ರಿ?" ಮೊಮ್ಮಗಳು ತಡೆದು ಕೇಳಿದಳು.

"ತನಗೋಸ್ಕರ ಬರ‍್ತಿರಲಿಲ್ಲ," ಎಂದರು ತಾತ. "ಬೇರೆಯೋರ ಜೀವ ಉಳಿಸಕ್ಕೆ ಕಲ್ತ್ಕೊಂಡ್ಲು."

ಅಕ್ಟೋಬರ್ ಮಧ್ಯದಲ್ಲಿ ಅವಳನ್ನು ವಾಪಸು ಕರೆಸಿಕೊಳ್ಳುವ ಏರ್ಪಾಡು ಆಗಿತ್ತು. ಅದಕ್ಕೆ ಒಂದೆರಡು ದಿನ ಮೊದಲು ಯಾರೋ ಬಲ್ಲವರೇ ಅವಳ ವಿಳಾಸವನ್ನು ಜರ್ಮನರಿಗೆ ಮಾರಿದರು. ಹಿಡಿಯಲು ಬಂದವನ ಮಣಿಕಟ್ಟನ್ನು ಅವಳು ರಕ್ತ ಬರುವಂತೆ ಕಚ್ಚಿದಳು. ಪ್ಯಾರಿಸಿನ ಅವೆನ್ಯೂ ಫೋಶ್‌ನ 84ನೇ ನಂಬರಿನ ಕಟ್ಟಡ ಜರ್ಮನ್ ಗುಪ್ತಚರರ ಠಾಣೆ. ಅಲ್ಲಿಗೆ ತಂದ ಕೂಡಲೇ ಸ್ನಾನದ ಮನೆಯ ಕಿಟಕಿಯಿಂದ ತಪ್ಪಿಸಿಕೊಳ್ಳಲು ನೋಡಿದಳು. ನವೆಂಬರಿನಲ್ಲಿ ಇನ್ನಿಬ್ಬರು ಕೈದಿಗಳೊಂದಿಗೆ ಮಾಡಿನ ಮೇಲೆ ಹತ್ತಿ ಓಡಿದಳು. ಅದೇ ಹೊತ್ತಿಗೆ ವಿಮಾನದಾಳಿಯ ಸೈರನ್ ಕೂಗಿ, ಕಾವಲಿನವರು ಕೈದಿಗಳನ್ನು ಎಣಿಸಲು ಬಂದರು. ಮೂವರೂ ಸಿಕ್ಕಿಬಿದ್ದರು. ಇನ್ನು ಓಡುವುದಿಲ್ಲ ಎಂದು ಬರೆದುಕೊಡು ಎಂದರು. ಬರೆದುಕೊಡಲಿಲ್ಲ.

ಅವಳನ್ನು ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಗೆ ಸಾಗಿಸಿ, ಹತ್ತು ತಿಂಗಳು ಕೈಕಾಲಿಗೆ ಸರಪಳಿ ಹಾಕಿ ಒಂಟಿಯಾಗಿ ಕೂಡಿಟ್ಟರು. ತಟ್ಟೆಯ ತಳದಲ್ಲಿ ಗೀಚಿ ಪಕ್ಕದ ಕೈದಿಗಳೊಡನೆ ನಾಲ್ಕು ಮಾತಾಡಿಕೊಂಡದ್ದೇ ಅವಳ ಕೊನೆಯ ಸಂದೇಶಗಳು. 1944ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಡಾಹೌ ಶಿಬಿರದಲ್ಲಿ ಇನ್ನು ಮೂವರು ಹೆಂಗಸರೊಂದಿಗೆ ಅವಳನ್ನು ಕೊಂದರು. ಕೊನೆಯಲ್ಲಿ 'ಲಿಬರ್ತೆ', ಸ್ವಾತಂತ್ರ್ಯ, ಎಂದು ಕೂಗಿದಳೆಂದು ಹೇಳುತ್ತಾರೆ. ವಯಸ್ಸು 30. ಅವೆನ್ಯೂ ಫೋಶ್‌ನ ಮುಖ್ಯಾಧಿಕಾರಿಯಾಗಿದ್ದ ಹಾನ್ಸ್ ಕೀಫರ್ ಯುದ್ಧ ಮುಗಿದ ಮೇಲೆ ಕೊಟ್ಟ ಹೇಳಿಕೆ ಇದು: ಆಕೆಯ ಬಾಯಿಂದ ನಮಗೆ ಏನೂ ಸಿಗಲಿಲ್ಲ.

ಇಲ್ಲಿಗೆ ಕಥೆ ನಿಲ್ಲಿಸಿದ್ದರೆ ಕೇಳಲು ಹಿತವಾಗಿರುತ್ತಿತ್ತು. ತಾತ ನಿಲ್ಲಿಸಲಿಲ್ಲ.

ನೂರ್ ಬಾಯಿ ಬಿಡಲಿಲ್ಲ ನಿಜ, ಆದರೆ ಅವಳ ನೋಟುಬುಕ್ಕು ಬಾಯಿ ಬಿಟ್ಟಿತು. ಕಳಿಸಿದ ಪ್ರತಿಯೊಂದು ಸಂದೇಶವನ್ನೂ ಅವಳು ಶಾಲೆಯ ಮಕ್ಕಳ ಹಾಗೆ ನೀಟಾಗಿ ಬರೆದಿಟ್ಟಿದ್ದಳು. ಸಂದೇಶಗಳ 'ಫೈಲಿಂಗ್' ಬಗ್ಗೆ ಎಚ್ಚರವಿರಲಿ ಎಂಬ ಸೂಚನೆಯನ್ನು, ಜೋಪಾನವಾಗಿ ಇಟ್ಟುಕೋ ಎಂದು ಅವಳು ಅರ್ಥ ಮಾಡಿಕೊಂಡಿದ್ದಳಂತೆ. ಸುಟ್ಟುಹಾಕಬೇಕಾಗಿದ್ದದ್ದು ಜರ್ಮನರ ಕೈ ಸೇರಿತು. ಅದನ್ನು ನೋಡಿಕೊಂಡು ಅವರು ಅವಳ ಹೆಸರಿನಲ್ಲೇ ಲಂಡನ್ನಿಗೆ ಸಂದೇಶ ಕಳಿಸತೊಡಗಿದರು. 18 ಅಕ್ಷರದ ಕೀಲಿಪದದ ಸಂದೇಶ ಬಂತು, ತಾನು ಎಚ್ಚರಿಸಿದೆ ಎನ್ನುತ್ತಾನೆ ಮಾರ್ಕ್ಸ್. ಅನುಮಾನಕ್ಕೆ ಕಾರಣಗಳಿದ್ದರೂ ಮೇಲಿನವರು ನಂಬುತ್ತಲೇ ಹೋದರು. ಆ ಸಂದೇಶಗಳನ್ನು ನೆಚ್ಚಿ 1944ರ ಫೆಬ್ರವರಿ ಕೊನೆಗೆ ಪ್ಯಾರಾಚೂಟಿನಲ್ಲಿ ಇಳಿದ ಮೂವರು ನೇರವಾಗಿ ಜರ್ಮನರ ಕೈಗೇ ಬಿದ್ದರು. ಅವರಲ್ಲೊಬ್ಬಳು ಮ್ಯಾಡಲೀನ್ ದಾಮರ್ಮಾ. ಡಾಹೌನಲ್ಲಿ ನೂರ್ ಜೊತೆ ಸತ್ತ ಮೂವರಲ್ಲಿ ಅವಳೂ ಒಬ್ಬಳು.

ಹುಡುಗಿ ಬಹಳ ಹೊತ್ತು ಬಾವಿಯ ನೀರನ್ನೇ ನೋಡುತ್ತಿದ್ದಳು. "ಹಂಗಾದ್ರೆ ತಾತ, ಅವರೆಲ್ಲ ಸತ್ತಿದ್ದು ಅವಳಿಂದಾನಾ?"

ತಾತ ತಕ್ಷಣ ಉತ್ತರಿಸಲಿಲ್ಲ. ಮಂಜು ಸ್ವಲ್ಪ ಸರಿದು ಕೋಟೆಯ ಎದುರು ಮೂಲೆ ಕಾಣಿಸಿತು. ಆಮೇಲೆ, ಮನೆಯಲ್ಲಿ ಯಾರಿಗೂ ಇದುವರೆಗೆ ಹೇಳದ ಸಂಗತಿಯೊಂದನ್ನು ಹೇಳಿದರು.

ಕೆಲಸಕ್ಕೆ ಸೇರಿದ ಹೊಸದು. ಆಷಾಢದ ಮಳೆ, ರಾತ್ರಿ ಪಾಳಿ, ತಂತಿಯ ಮೇಲೆ ಬರೀ ಗರಗರ ಸದ್ದು. ತೋಟವೊಂದರ ರೈಟರಿಗೆ ತಾಯಿ ಕೊನೆಯುಸಿರಿನಲ್ಲಿದ್ದಾಳೆ, ಕೂಡಲೇ ಹೊರಡು ಎಂದು ತಂತಿ ಬಂತು. ಮೋರ್ಸ್‌ನಲ್ಲಿ ಎಸ್ ಎಂದರೆ ಮೂರು ಚುಕ್ಕೆ, ಎಚ್ ಎಂದರೆ ನಾಲ್ಕು. ಒಂದು ಚುಕ್ಕೆ ಕಿವಿಗೆ ಬೀಳಲಿಲ್ಲ. ಮೊದಲಕ್ಷರ ಬದಲಾಗಿ ತಂತಿ ಬೇರೆ ತೋಟಕ್ಕೆ ಹೋಯಿತು. ಸರಿಯಾದ ಮನೆ ಮುಟ್ಟಿದಾಗ ಒಂದು ದಿನ ತಡವಾಗಿತ್ತು. ಮಗ ಊರು ಸೇರುವಷ್ಟರಲ್ಲಿ ತಾಯಿಯ ಬೆಂಕಿ ಆರಿತ್ತು.

"ಅವನು ಬಂದು ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಕೆಲಸ ಬಿಟ್ಬಿಡಾಣ ಅನ್ನಿಸ್ತು. ಬಿಡಲಿಲ್ಲ. ಅವತ್ತಿಂದ ಪ್ರತಿ ಅಕ್ಷರಾನೂ ಎರಡು ಸಲ ಕೇಳಿಸ್ಕೊಂಡು ಬರ‍್ದೆ, ರಿಟೈರ್ ಆಗೋ ತಂಕ." ತಾತನ ಬೆರಳು ಕಟ್ಟೆಯ ಕಲ್ಲಿನ ಮೇಲೆ ನಿಂತಿತು. "ತಪ್ಪು ಅವಳದೂ ಇತ್ತು ಮಗಾ. ಅವಳಿಗಿಂತ ದೊಡ್ಡ ತಪ್ಪು, ಎಚ್ಚರಿಕೆ ಕೊಟ್ರೂ ಕೇಳ್ದೋರದ್ದು. ಕೊಂದೋರ ಪಾಪ ಕೊಂದೋರದ್ದೇ. ಧೈರ್ಯವಂತರು ತಪ್ಪೇ ಮಾಡಲ್ಲ ಅಂತ ಹೇಳಿದ್ರೆ ನಿಂಗೆ ಸುಳ್ಳು ಹೇಳ್ದಂಗಾಯ್ತದೆ."

ಅವಳ ಅಂತ್ಯ ಹೇಗಾಯಿತೆಂಬುದು ಬಹುಕಾಲ ಲೋಕಕ್ಕೆ ತಿಳಿದೇ ಇರಲಿಲ್ಲ. ಇಲಾಖೆಯ ವೆರಾ ಆಟ್ಕಿನ್ಸ್ ಎಂಬಾಕೆ ಯುದ್ಧ ಮುಗಿದ ಮೇಲೆ ಜರ್ಮನಿಗೆ ಹೋಗಿ, ಕಾಣೆಯಾದ ತನ್ನವರ ಜಾಡು ಒಬ್ಬೊಬ್ಬರದಾಗಿ ಹುಡುಕಿದಳು. ಮೊದಲು ನೂರ್ ಬೇರೆ ಶಿಬಿರದಲ್ಲಿ ಸತ್ತಳೆಂದು ತಪ್ಪಾಗಿ ತಿಳಿದು, ಆಮೇಲೆ ಪತ್ತೆ ಮುಂದುವರಿಸಿ ನಿಜ ಕಂಡುಕೊಂಡಳು. ಫ್ರಾನ್ಸ್ 1946ರಲ್ಲಿ 'ಕ್ರ್ವಾ ದ ಗೇರ್' ಪದಕವನ್ನೂ, ಬ್ರಿಟನ್ 1949ರಲ್ಲಿ 'ಜಾರ್ಜ್ ಕ್ರಾಸ್' ಪದಕವನ್ನೂ ಕೊಟ್ಟವು. ಶ್ರಾಬಣಿ ಬಸು 2006ರಲ್ಲಿ ಅವಳ ಜೀವನಚರಿತ್ರೆ ಪ್ರಕಟಿಸಿದ ಮೇಲೆ ಭಾರತದಲ್ಲೂ ಆಕೆಯ ಹೆಸರು ಹರಡಿತು. 2012ರ ನವೆಂಬರಿನಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರಿನಲ್ಲಿ ಅವಳ ಎದೆಮಟ್ಟದ ಪ್ರತಿಮೆ ನಿಂತಿತು.

ಅವಳ ಬಗ್ಗೆ ಬರೆಯುವವರು 'ಮೈಸೂರು ಹುಲಿಯ ರಕ್ತ' ಎಂದು ಬರೆಯುವುದುಂಟು. ಮೊಮ್ಮಗಳೂ ಇಳಿಯುವಾಗ ಹಾಗೆಯೇ ಕೇಳಿದಳು: "ರಾಜರ ವಂಶ ಅಲ್ವಾ ತಾತ, ಅದಕ್ಕೇ ಧೈರ್ಯ."

ಅದನ್ನು ತಾತ ಒಪ್ಪಲಿಲ್ಲ. ಟಿಪ್ಪುವಿಗೂ ಅವಳಿಗೂ ನಡುವೆ ಐದು ತಲೆಮಾರು. ಅಷ್ಟು ದೂರ ಹರಿದು ಬಂದ ರಕ್ತದಲ್ಲಿ ಎಷ್ಟು ಹುಲಿ ಉಳಿದಿರುತ್ತದೆ? ರಕ್ತವೇ ಸಾಕಾಗುವಂತಿದ್ದರೆ ಬಂದೂಕು ಕಂಡು ಯಾಕೆ ಬೆದರುತ್ತಿದ್ದಳು? ಅವಳಿಗಿದ್ದದ್ದು ಬೇರೆ ಅಭ್ಯಾಸ. ಹದಿಮೂರರಲ್ಲಿ ಅಪ್ಪ ಸತ್ತ ಮನೆಯಲ್ಲಿ ಮೂರು ಮಕ್ಕಳ ಊಟ, ನಿದ್ದೆ, ಅಳು ಎಲ್ಲದಕ್ಕೂ ತಾನಿದ್ದೇನೆ ಎಂದು ನಿಂತವಳು ಅವಳು. ತನ್ನನ್ನು ನಂಬಿದವರನ್ನು ಬಿಟ್ಟುಹೋಗದಿರುವುದು ಅಲ್ಲೇ ರೂಢಿಯಾಗಿತ್ತು. ಪ್ಯಾರಿಸಿನಲ್ಲಿ ಲಂಡನ್ ಬಾ ಎಂದಾಗ ಒಲ್ಲೆನೆಂದದ್ದೂ ಅದೇ ರೂಢಿ. ತರಬೇತಿಯ ಮೈದಾನದಲ್ಲಿ ಓಡಿಸಿ, ಗುಂಡು ಹಾರಿಸಿ, ಗದರಿಸಿ ಅಳೆದವರ ಕೈಯಲ್ಲಿ ಇದನ್ನು ಅಳೆಯುವ ಕೋಲು ಇರಲಿಲ್ಲ. ಹೆದರಿಕೆಯನ್ನು ಅವರು ಸರಿಯಾಗಿಯೇ ನೋಡಿದ್ದರು. ಹೆದರಿಕೆಯ ಜೊತೆಯಲ್ಲೇ ನಿಲ್ಲಬಲ್ಲ ಇನ್ನೊಂದನ್ನು ನೋಡಿರಲಿಲ್ಲ.

ಅವರು ಮನೆ ಸೇರಿದಾಗ ಸಂಜೆಯಾಗಿತ್ತು. ಕಾಫಿ ಕುಡಿಯುತ್ತ ತಾತ ಮಗನಿಗೆ ಎಲ್ಲವನ್ನೂ ಹೇಳಿದರು. ನೂರ್ ಕಥೆಯನ್ನೂ, ಮಳೆಯ ರಾತ್ರಿಯ ತಂತಿಯ ಕಥೆಯನ್ನೂ. ಎರಡನೆಯದನ್ನು ಕೇಳಿ ಮಗ ಅಪ್ಪನ ಮುಖವನ್ನೇ ನೋಡಿದ. ಮಾತಾಡಲಿಲ್ಲ.

"ಅಂಕಪಟ್ಟಿ ಮೇಲೆ ನಾನೂ 'ಅಸಂಬದ್ಧ' ಅಂತ ಗೀಚ್ಲೇನಮ್ಮಾ?" ಎಂದು ತಾತ ಮೊಮ್ಮಗಳನ್ನು ರೇಗಿಸಿದರು.

"ಬೇಡ ತಾತ. ಮಿಸ್ ಬರ‍್ದಿದ್ದು ಸುಳ್ಳಲ್ಲ. ನಂಗೆ ಭಯ ಆಗುತ್ತೆ," ಎಂದಳು ಹುಡುಗಿ.

ಅಪ್ಪ ಗೂಡಿನಿಂದ ಅಂಕಪಟ್ಟಿ ತೆಗೆದ. ಸಹಿಯ ಜಾಗದ ಮೇಲೆ 'ಪೋಷಕರ ಅಭಿಪ್ರಾಯ' ಎಂದು ಎರಡು ಗೆರೆಯಷ್ಟು ಖಾಲಿ ಜಾಗವಿರುತ್ತದೆ. ಅದನ್ನು ತುಂಬಿದ ಪೋಷಕರು ಕಡಿಮೆ. ಅವನು ಪೆನ್ನು ಹಿಡಿದು ಯೋಚಿಸಿದ. ಕಾಫಿ ಕುಯ್ಲಿನ ಮೂರು ತಿಂಗಳು ತಾನೂ ಹೆಂಡತಿಯೂ ಕತ್ತಲಾಗುವ ತನಕ ತೋಟದಲ್ಲಿರುವಾಗ, ತಮ್ಮನನ್ನು ಶಾಲೆಯಿಂದ ಕರೆತಂದು, ತಾತನಿಗೆ ಮಾತ್ರೆ ಕೊಟ್ಟು, ಒಲೆ ಹೊತ್ತಿಸುವವರು ಯಾರೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಿಧಾನವಾಗಿ ಬರೆದ: 'ಮನೆಯಲ್ಲಿ ಇವಳನ್ನು ನಂಬಿಕೊಂಡಿದ್ದೇವೆ.' ಕೆಳಗೆ ಸಹಿ ಹಾಕಿದ.

ಹುಡುಗಿ ಅದನ್ನು ಓದಿದಳೋ ಇಲ್ಲವೋ, ಚೀಲದೊಳಗೆ ಇಟ್ಟುಕೊಂಡು ಜಗಲಿಗೆ ಬಂದಳು. ತಾತನ ಪಕ್ಕದ ಕಂಬಕ್ಕೆ ಒರಗಿ, "ನೂರ್ ಅಂತ ಹೆಂಗೆ ಕುಟ್ಟೋದು ತಾತ?" ಎಂದಳು.

ತಾತ ಅವಳ ತೋರುಬೆರಳನ್ನು ಹಿಡಿದು ಬೆಂಚಿನ ಮೇಲಿಟ್ಟರು. ಒಂದು ಗೆರೆ, ಒಂದು ಚುಕ್ಕೆ. ಮೂರು ಗೆರೆ. ಮತ್ತೆ ಮೂರು ಗೆರೆ. ಚುಕ್ಕೆ, ಗೆರೆ, ಚುಕ್ಕೆ. ಮೊದಲ ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ಒಳಗಿನಿಂದ ತಮ್ಮ ಕೂಗುತ್ತಿದ್ದ. "ಬಂದೆ ಇರೋ" ಎಂದು ಹೇಳಿ, ಅವಳು ಮತ್ತೊಂದು ಸಲ ಮೊದಲಿನಿಂದ ಕುಟ್ಟಿದಳು.